ಬಲಗಾಲಿನ ಗೇರು

ನನ್ನ ತಂಗಿಯ ಮದುವೆಯ ಫೋಟೋಗಳಲ್ಲಿ ಮದುಮಗನ ಬಲಗೈ ಎಲ್ಲೂ ಸರಿಯಾಗಿ ಕಾಣುವುದಿಲ್ಲ. ಅದನ್ನು ಒಂದು ಬಿಳಿ ಶಲ್ಯದಲ್ಲಿ ಸುತ್ತಿ ಕುತ್ತಿಗೆಗೆ ಕಟ್ಟಿದ್ದಾರೆ. ಆಲ್ಬಮ್ ನೋಡುವ ಹೊಸಬರು ಯಾರಾದರೂ “ಇದೇನಿದು, ಕೈಗೆ ಏನಾಗಿತ್ತು?” ಎಂದು ಕೇಳಿಯೇ ಕೇಳುತ್ತಾರೆ. ಆಗ ಮನೆಯವರೆಲ್ಲ ನನ್ನ ಕಡೆ ನೋಡುತ್ತಾರೆ. ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಒಳಗೆ ಹೋಗುತ್ತೇನೆ.

ಅದು ತೊಂಬತ್ತರ ದಶಕದ ನಡುವಿನ ಮಾತು. ನನಗಾಗ ಇಪ್ಪತ್ತಾರು ವರ್ಷ. ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಕೆಲಸಕ್ಕಿದ್ದೆ. ಶನಿವಾರ ಸಂಜೆ ಬೈಕು ಹತ್ತಿದರೆ ಮೂಡಿಗೆರೆ ದಾಟಿ ಗೋಣಿಬೀಡಿನ ಹತ್ತಿರದ ನಮ್ಮ ಮನೆಗೆ, ಸೋಮವಾರ ಬೆಳಿಗ್ಗೆ ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ನನ್ನದು ನೂರು ಸಿಸಿಯ ತೆಳ್ಳಗಿನ ಬೈಕು. ಎಡಗಾಲಿಗೆ ಗೇರು, ಬಲಗಾಲಿಗೆ ಬ್ರೇಕು. ನಾಲ್ಕು ಗೇರನ್ನೂ ಬೆರಳ ತುದಿಯಿಂದ ಮುಂದಕ್ಕೆ ಒತ್ತುತ್ತ ಹೋಗಬೇಕು, ಇಳಿಸುವಾಗ ಹಿಮ್ಮಡಿಯಿಂದ ಹಿಂದಕ್ಕೆ ಒತ್ತಬೇಕು. ಆ ದಾರಿಯ ಒಂದೊಂದು ತಿರುವೂ ನನ್ನ ಕಾಲುಗಳಿಗೆ ಬಾಯಿಪಾಠವಾಗಿತ್ತು. ಯಾವ ಬೈಕು ಕೊಟ್ಟರೂ ಓಡಿಸುತ್ತೇನೆ ಎಂದು ಮನೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಯಾರೂ ಕೇಳದಿದ್ದರೂ ಹೇಳುತ್ತಿದ್ದೆ.

ನನ್ನ ಸೋದರಮಾವನ ಹತ್ತಿರ ಒಂದು ಹಳೆಯ ಬುಲೆಟ್ ಇತ್ತು. ಅದರಲ್ಲಿ ಎಲ್ಲವೂ ತಿರುಗುಮುರುಗು. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಒಂದನೇ ಗೇರಿಗೆ ಲಿವರನ್ನು ಪಾದದಿಂದ ಮೇಲಕ್ಕೆ ಎತ್ತಬೇಕು, ಆಮೇಲಿನ ಮೂರಕ್ಕೆ ಕೆಳಕ್ಕೆ ತುಳಿಯಬೇಕು. ಆಗಿನ ಬುಲೆಟ್ಟುಗಳೆಲ್ಲ ಹಾಗೆಯೇ. ಅದನ್ನೇ ಓಡಿಸಿ ಬೆಳೆದವರಿಗೆ ಅದೇ ಸರಿ, ನಮ್ಮ ಬೈಕುಗಳೇ ಉಲ್ಟಾ. ನಾನು ಅದನ್ನು ನಮ್ಮ ಮನೆ ಮುಂದಿನ ಕಾಫಿ ಒಣಗಿಸುವ ಕಣದಲ್ಲಿ ಒಂದೆರಡು ಸಲ ಸುತ್ತು ಹಾಕಿಸಿದ್ದೆ, ಅಷ್ಟೇ. ಕಣ ಸಮತಟ್ಟು. ಅಲ್ಲಿ ಬ್ರೇಕಿನ ಅಗತ್ಯವೇ ಬೀಳುವುದಿಲ್ಲ.

ತಂಗಿಯ ಮದುವೆ ಮನೆಯಲ್ಲೇ ಆಯಿತು. ಅದೇ ಕಣದಲ್ಲಿ ಚಪ್ಪರ ಹಾಕಿದ್ದೆವು. ಗಂಡು ಕಳಸದ ಕಡೆಯವರು. ಸ್ವಲ್ಪ ಕಾಫಿ, ಮೆಣಸು ಇಟ್ಟುಕೊಂಡು ತೋಟವನ್ನು ತಾವೇ ನೋಡಿಕೊಳ್ಳುತ್ತಿದ್ದವರು, ಮಾತು ಕಡಿಮೆ. ಬೆಳಿಗ್ಗೆ ದಿಬ್ಬಣದ ವ್ಯಾನು ಟಾರು ರಸ್ತೆ ಬಿಟ್ಟು ನಮ್ಮ ಮಣ್ಣಿನ ರಸ್ತೆಗೆ ಇಳಿದು ಸ್ವಲ್ಪ ದೂರ ಬಂದಿತ್ತು. ಅಷ್ಟರಲ್ಲಿ ಎದುರಿಗೆ ಸಿಲ್ವರ್ ಓಕ್ ದಿಮ್ಮಿ ತುಂಬಿದ್ದ ಒಂದು ಲಾರಿ ಆಕ್ಸೆಲ್ ಮುರಿದುಕೊಂಡು ರಸ್ತೆಗೆ ಅಡ್ಡ ನಿಂತಿತ್ತು. ಒಂದು ಕಡೆ ಕಡಿದ ಮಣ್ಣಿನ ದರೆ, ಇನ್ನೊಂದು ಕಡೆ ತೋಟದ ಇಳಿಜಾರು. ವ್ಯಾನು ಮುಂದೆ ಬರುವಂತಿಲ್ಲ. ಹೆಂಗಸರು ಮಕ್ಕಳೆಲ್ಲ ಇಳಿದು ನಡೆದು ಬರುತ್ತಿದ್ದಾರೆ ಎಂದು ಸುದ್ದಿ ಬಂತು. ಪುರೋಹಿತರು ಮುಹೂರ್ತ ಮೀರುತ್ತದೆ ಎಂದು ಅವಸರ ಮಾಡಿದರು. ನಡುವೆ ಒಂದು ದಿಣ್ಣೆ ಹತ್ತಿ ಇಳಿಯಬೇಕು, ಮದುಮಗನನ್ನು ಬಿಸಿಲಲ್ಲಿ ನಡೆಸಿಕೊಂಡು ಬರುವುದು ಚೆನ್ನಾಗಿರುವುದಿಲ್ಲ ಎಂದು ಅಪ್ಪ ಹೇಳಿದರು. ನನ್ನ ಬೈಕನ್ನು ಚಿಕ್ಕಪ್ಪನ ಮಗ ಹೂ ತರಲು ಮೂಡಿಗೆರೆಗೆ ಒಯ್ದಿದ್ದ. ಉಳಿದದ್ದು ಮಾವನ ಬುಲೆಟ್ ಒಂದೇ.

ಮಾವ ಧಾರೆಗೆ ಅಣಿಯಾಗಿ ಮಡಿ ಪಂಚೆ ಉಟ್ಟು ನಿಂತಿದ್ದರು. ಬೀಗದ ಕೈ ಕೊಡುವಾಗ ನನ್ನ ಮುಖ ನೋಡಿದರು.

“ಇದ್ರ ಗೇರು ಬಲಗಾಲಲ್ಲಿ ಕಣೋ. ನೆನಪಿದ್ಯಾ?”

“ಗೊತ್ತು ಮಾವ.”

“ಗೊತ್ತಿರೋದು ಬೇರೆ. ಇಳಿಜಾರಲ್ಲಿ ಕಾಲು ಮರ್ತುಬಿಡ್ತದೆ. ಬೇಕಾದ್ರೆ ನಾನೇ ಹೋಗ್ತೀನಿ, ಪಂಚೆ ಮಡಚಿ ಕಟ್ಟಿದ್ರಾಯ್ತು.”

“ಬೇಡ ಮಾವ, ನಾನೇನು ನಿನ್ನೆ ಮೊನ್ನೆ ಗಾಡಿ ಕಲ್ತವನಾ?” ಎಂದೆ. ನಾಲ್ಕು ಜನರ ಎದುರಿಗೆ ಅವರು ಹಾಗೆ ಕೇಳಿದ್ದು ನನಗೆ ಸರಿಬಂದಿರಲಿಲ್ಲ.

ಹೋಗುವಾಗ ಏನೂ ಆಗಲಿಲ್ಲ. ಒಬ್ಬನೇ ಇದ್ದೆ, ಮನಸ್ಸೆಲ್ಲ ಕಾಲಿನ ಮೇಲಿತ್ತು. ಲಾರಿಯ ಹತ್ತಿರ ಮದುಮಗ ರೇಷ್ಮೆ ಪಂಚೆ, ಮೈಸೂರು ಪೇಟ ಧರಿಸಿ, ಹಣೆಯ ಬೆವರು ಒರೆಸಿಕೊಳ್ಳುತ್ತ ದಿಮ್ಮಿಗಳ ರಾಶಿಯ ನೆರಳಿಗೆ ನಿಂತಿದ್ದರು. ಪಂಚೆಯ ನಿರಿಗೆ ಕೆಡುತ್ತದೆಂದು ಹೆಂಗಸರು ಕೂರುವ ಹಾಗೆ ಒಂದೇ ಕಡೆಗೆ ಕಾಲು ಹಾಕಿ ಹಿಂದೆ ಕುಳಿತರು. ಒಂದು ಕೈ ಪೇಟದ ಮೇಲೆ, ಇನ್ನೊಂದು ಕೈ ನನ್ನ ಹೆಗಲ ಮೇಲೆ.

ಹೊರಟು ಸ್ವಲ್ಪವೇ ದೂರಕ್ಕೆ ಎರಡನೇ ಗೇರು ಹಾಕಬೇಕಾಯಿತು. ರೂಢಿಯಂತೆ ಎಡಗಾಲು ಒತ್ತಿದೆ. ಅದು ಬ್ರೇಕು. ಗಾಡಿ ಗಕ್ಕನೆ ನಿಂತು ಎಂಜಿನ್ ಆಫ್ ಆಯಿತು. ಅವರ ಪೇಟ ನನ್ನ ಬೆನ್ನಿಗೆ ಬಡಿಯಿತು. ಹಿಂದೆ ಉಳಿದಿದ್ದ ದಿಬ್ಬಣದ ಗಂಡಸರು ಜೋರಾಗಿ ನಕ್ಕರು.

“ನಿಧಾನ ಹೋಗಿ, ಅವಸರ ಎಂತದೂ ಇಲ್ಲ,” ಎಂದರು ಅವರು ಹಿಂದಿನಿಂದ. “ನಾನಿಲ್ದೆ ಅಲ್ಲಿ ಯಾರೂ ಶುರು ಮಾಡೋ ಹಾಗಿಲ್ವಲ್ಲ.”

ಅದು ಅವರು ನನ್ನೊಡನೆ ಆಡಿದ ಮೊದಲ ತಮಾಷೆ. ನಾನು ನಗಲಿಲ್ಲ. ಕಿವಿ ಬಿಸಿಯಾಗಿತ್ತು. ಕಿಕ್ ಹೊಡೆದು, ಆ ನಗು ಕೇಳಿಸದಷ್ಟು ದೂರ ಹೋಗಬೇಕೆಂದು ದಿಣ್ಣೆ ಹತ್ತಿಸಿದೆ. ನೆತ್ತಿಗೆ ಬಂದಾಗ ಕೆಳಗೆ ನಮ್ಮ ಮನೆ, ಚಪ್ಪರ, ಎದುರುಗೊಳ್ಳಲು ಕಳಸ ಹಿಡಿದು ನಿಂತ ಮುತ್ತೈದೆಯರು ಎಲ್ಲರೂ ಕಂಡರು. ಗಾಡಿಯ ಸದ್ದು ಕೇಳಿ ವಾದ್ಯದವರು ಊದಲು ಶುರುಮಾಡಿದರು. ನಾನು ಒಳಗೊಳಗೇ ಉಬ್ಬಿದೆ. ಬುಲೆಟ್ಟಿನಲ್ಲಿ ಮದುಮಗನನ್ನು ಕೂರಿಸಿಕೊಂಡು ಇಳಿಯುತ್ತಿರುವುದನ್ನು ಎಲ್ಲರೂ ನೋಡುತ್ತಿದ್ದಾರೆ ಎಂಬ ಯೋಚನೆಯೊಂದೇ ತಲೆಯಲ್ಲಿ. ಕಾಲಿನ ಕಡೆಗಿದ್ದ ಗಮನ ಅಲ್ಲಿಗೆ ಹಾರಿಹೋಯಿತು.

ಮನೆಯ ಹತ್ತಿರದ ಕೊನೆಯ ತಿರುವಿನಲ್ಲಿ ವೇಗ ತಗ್ಗಿಸಬೇಕು. ಬಲಗಾಲು ತನ್ನಷ್ಟಕ್ಕೆ ತಾನೇ ತುಳಿಯಿತು. ಅದು ತುಳಿದದ್ದು ಗೇರು. ಎರಡರಲ್ಲಿದ್ದ ಗಾಡಿ ಮೂರಕ್ಕೆ ಬಿತ್ತು. ಇಷ್ಟು ಹೊತ್ತು ಎಂಜಿನ್ನು ಹಿಡಿದಿಟ್ಟಿದ್ದ ಗಾಡಿ, ಕೈಬಿಟ್ಟ ಹಾಗೆ ಮುಂದಕ್ಕೆ ಹಾರಿತು. ಬ್ರೇಕ್ ಹಿಡಿಯುತ್ತಿಲ್ಲವೆಂದು ಇನ್ನೂ ಬಲವಾಗಿ ತುಳಿದೆ. ನಾಲ್ಕನೇ ಗೇರು. ಎಡಗಾಲಿನ ಹಿಮ್ಮಡಿ, ಅಲ್ಲಿ ಇಲ್ಲದ ಗೇರನ್ನು ಹುಡುಕುತ್ತ ಗಾಳಿಯಲ್ಲಿ ಒದ್ದಾಡಿತು. ಕೊನೆಗೆ ಮುಂದಿನ ಬ್ರೇಕನ್ನು ಕೈಯಲ್ಲಿ ಬಿಗಿಯಾಗಿ ಹಿಡಿದೆ. ಜಲ್ಲಿಯ ಮೇಲೆ ಚಕ್ರ ಜಾರಿತು. ದರೆಗೆ ಗುದ್ದಿ ಗಾಡಿ ಬಲಕ್ಕೆ ಬಿತ್ತು.

ವಾದ್ಯ ನಿಂತಿತು.

ನನ್ನ ಮೊಣಕಾಲು ತರಚಿತ್ತು, ಅಷ್ಟೇ. ಮದುಮಗ ಚರಂಡಿಯಲ್ಲಿ ಕುಳಿತಿದ್ದರು. ಪೇಟ ಒಂದು ಕಾಫಿ ಗಿಡದ ಬುಡದಲ್ಲಿತ್ತು. ಬಲಗೈಯನ್ನು ಎಡಗೈಯಲ್ಲಿ ಹಿಡಿದು, ಮುಖ ಕಿವುಚಿಕೊಂಡು, “ಎಂತದೂ ಇಲ್ಲ, ಎಂತದೂ ಇಲ್ಲ” ಎನ್ನುತ್ತಿದ್ದರು. ಓಡಿಬಂದವರು ಅವರನ್ನು ಎತ್ತಿದಾಗ ಮಾತ್ರ ಅವರ ಬಾಯಿಂದ ಒಂದು ಕೂಗು ಹೊರಟಿತು. ಬಂದ ನೆಂಟರಲ್ಲಿ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದ ಒಬ್ಬರಿದ್ದರು. ಹೆಗಲು ಮುಟ್ಟಿ ನೋಡಿ, ಕಾಲರ್ ಮೂಳೆ ಬಿರುಕು ಬಿಟ್ಟಿರಬಹುದು, ಕೈ ಅಲ್ಲಾಡಿಸಬಾರದು ಎಂದರು. ಯಾರದೋ ಶಲ್ಯ ತೆಗೆದು ಕಟ್ಟಿದರು.

ನಾನು ಏನನ್ನೂ ಮುಚ್ಚಿಡಲಿಲ್ಲ. ಅಲ್ಲೇ, ಎಲ್ಲರ ಎದುರಿಗೆ, “ನನ್ನದೇ ತಪ್ಪು, ಬ್ರೇಕ್ ಅಂತ ಗೇರು ತುಳ್ದೆ” ಎಂದು ಹೇಳಿದೆ. ಮಾವ ಗಾಡಿ ಎತ್ತಿ ನಿಲ್ಲಿಸುತ್ತಿದ್ದವರು ತಲೆ ಎತ್ತಲಿಲ್ಲ. ಅಪ್ಪ ನನ್ನ ಕಡೆ ತಿರುಗಲೂ ಇಲ್ಲ. ನಡೆದು ಬಂದು ಆಗಷ್ಟೇ ತಲುಪಿದ ಗಂಡಿನ ತಂದೆಯ ಎದುರಿಗೆ ಹೋಗಿ ಎರಡೂ ಕೈ ಜೋಡಿಸಿ ನಿಂತರು. ಅಪ್ಪ ಯಾರ ಎದುರಿಗೂ ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ. ಬೀಗರು ಅವರ ಕೈ ಹಿಡಿದು ಕೆಳಗಿಳಿಸಿ, “ಬಿಡಿ, ಬಿಡಿ, ಆಗೋದು ಆಯ್ತು” ಎಂದರು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕಾಗಿತ್ತು.

ಮದುವೆ ಮುಂದಕ್ಕೆ ಹಾಕುವ ಮಾತು ಬಂತು. ಮದುಮಗನೇ ಬೇಡವೆಂದರು. ತಾಳಿ ಕಟ್ಟುವಾಗ ಅವರು ಎಡಗೈಯಲ್ಲಿ ಒಂದು ತುದಿ ಹಿಡಿದುಕೊಂಡರು. ಪುರೋಹಿತರು “ಬಲಗೈ ಬೆರಳು ತಾಗಿದ್ರೂ ಸಾಕು” ಎಂದಾಗ, ಶಲ್ಯದಿಂದ ಹೊರಗಿದ್ದ ಬೆರಳುಗಳಿಗೆ ದಾರವನ್ನು ತಾಗಿಸಿದರು. ಗಂಟು ಹಾಕಿದ್ದು ಅವರ ಅಕ್ಕ. ನಾನು ಅಡುಗೆಯವರ ಒಲೆಗಳ ಪಕ್ಕ ಕಂಬಕ್ಕೆ ಒರಗಿ ದೂರದಿಂದ ನೋಡಿದೆ. ಹುಡುಗಿಯ ಅಣ್ಣ ಮಾಡಬೇಕಾದ ಶಾಸ್ತ್ರಕ್ಕೆ ಹೆಸರು ಹಿಡಿದು ಕರೆದಾಗ ಹೋಗಲೇಬೇಕಾಯಿತು. ಹರಿದ ಪಂಚೆಯಲ್ಲಿ ಹೋಗಿ ತಂಗಿಯ ಕೈಗೆ ಅರಳು ಹಾಕುವಾಗ ಅವಳು ತಲೆ ತಗ್ಗಿಸಿಕೊಂಡೇ ಮೆಲ್ಲಗೆ ಕೇಳಿದಳು: “ನಿಂಗೇನೂ ಆಗ್ಲಿಲ್ವಾ ಅಣ್ಣ?”

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಗಂಡಿನ ಕಡೆಯಲ್ಲಿ ಒಬ್ಬರು ಅಜ್ಜಿ ಇದ್ದರು, ಮದುಮಗನ ತಂದೆಯ ತಾಯಿ. ಆ ಮನೆಯಲ್ಲಿ ಅವರ ಮಾತೇ ಮಾತು. ಊಟದ ಹೊತ್ತಿಗೆ ನಾನು ಬಡಿಸುತ್ತ ಹೋದಾಗ ಅವರು ಪಕ್ಕದ ಹೆಂಗಸಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. “ಹುಡುಗಿ ಇನ್ನೂ ಹೊಸ್ತಿಲು ತುಳ್ದಿಲ್ಲ, ಆಗ್ಲೇ ನಮ್ಮ ಹುಡುಗನ ಮೂಳೆ ಮುರೀತು. ಕಾಲ್ಗುಣ.”

ನಾನು ಸಾರಿನ ಪಾತ್ರೆ ಹಿಡಿದೇ, “ಅಜ್ಜಿ, ಅದು ನಾನು ಗೇರು ತಪ್ಪು ತುಳ್ದಿದ್ದು” ಎಂದೆ.

“ಅದೆಲ್ಲ ನೆಪ ಮಾರಾಯ,” ಎಂದರು ಅವರು, ಕೋಪವಿಲ್ಲದೆ. “ಯಾರ ಕೈಲಾದ್ರೂ ಆಗ್ತಿತ್ತು. ಸ್ವಲ್ಪ ಸಾರು ಹಾಕು.”

ತಪ್ಪು ಒಪ್ಪಿಕೊಂಡರೆ ಅದು ಅಲ್ಲಿಗೆ ಮುಗಿಯುತ್ತದೆ ಎಂದು ನಾನು ತಿಳಿದಿದ್ದೆ. ಒಪ್ಪಿಕೊಂಡದ್ದು ಯಾರಿಗೂ ಬೇಡವಾಗಬಹುದು ಎಂಬುದು ಗೊತ್ತಿರಲಿಲ್ಲ.

ಆಷಾಢಕ್ಕೆ ತಂಗಿ ತವರಿಗೆ ಬಂದಳು. ಎರಡು ದಿನ ಚೆನ್ನಾಗಿಯೇ ಇದ್ದಳು. ಮೂರನೆಯ ದಿನ ನಾನು ಕಟ್ಟೆಯ ಮೇಲೆ ಕುಳಿತು ಬೈಕಿನ ಚೈನಿಗೆ ಎಣ್ಣೆ ಹಾಕುತ್ತಿದ್ದಾಗ ಬಂದು ನಿಂತಳು. ಅಲ್ಲಿ ಕರು ಸತ್ತಿತಂತೆ, ಮೆಣಸಿನ ಬಳ್ಳಿಗೆ ಸೊರಗು ರೋಗ ಬಂತಂತೆ, ಪಂಪಿನ ಮೋಟಾರು ಸುಟ್ಟಿತಂತೆ. ಒಂದೊಂದಕ್ಕೂ ಅಜ್ಜಿ ಅವಳ ಪಾದದ ಕಡೆ ನೋಡುತ್ತಾರಂತೆ. ಕೆಟ್ಟ ಮಾತೇನೂ ಆಡುವುದಿಲ್ಲ, ಉಣ್ಣುವಾಗ ತುಪ್ಪ ಜಾಸ್ತಿಯೇ ಹಾಕುತ್ತಾರೆ. ಆದರೆ ಹಾಗೆ ನೋಡುತ್ತಾರೆ.

“ತುಳ್ದಿದ್ದು ನೀನು,” ಎಂದಳು. “ಬೈಸ್ಕೊಳ್ಳೋದು ನನ್ನ ಕಾಲು.”

“ಭಾವ ಏನೂ ಹೇಳಲ್ವಾ?”

“ಅವ್ರು ನಗ್ತಾರೆ. ಅಜ್ಜಿ ಮಾತು ತಲೆಗೆ ಹಚ್ಕೋಬೇಡ ಅಂತಾರೆ. ಹೆಗಲು ನೋಯ್ತದೆ ಅಂತ ಮಾತ್ರ ಅಜ್ಜಿ ಎದ್ರಿಗೆ ಹೇಳೋದಿಲ್ಲ, ನನ್ಗೋಸ್ಕರ.”

ಮರುದಿನ ಮಾವನ ಮನೆಗೆ ಹೋಗಿ, ನನಗೆ ಬುಲೆಟ್ ಸರಿಯಾಗಿ ಕಲಿಸಿ ಎಂದೆ. ದೀಪಾವಳಿಗೆ ಅದರಲ್ಲೇ ಕಳಸಕ್ಕೆ ಹೋಗಿ, ಅಜ್ಜಿಗೆ ಅದರ ಗೇರು, ಬ್ರೇಕು ಎರಡನ್ನೂ ಕಣ್ಣಾರೆ ತೋರಿಸಬೇಕೆಂಬುದು ನನ್ನ ಯೋಚನೆ. ಮಾವ ಗಾಡಿಯ ಮುಂದಿನ ಮಡ್‌ಗಾರ್ಡಿನ ತಗ್ಗನ್ನು ಒಮ್ಮೆ ಬೆರಳಲ್ಲಿ ಸವರಿದರು. ಆಮೇಲೆ, “ಚಪ್ಪಲಿ ಬಿಚ್ಚು” ಎಂದರು. “ಎರಡೂ ಅಲ್ಲ. ಬಲಗಾಲಿಂದು ಮಾತ್ರ. ಬರಿಗಾಲಿಗೆ ತಾನು ಎಲ್ಲಿದ್ದೀನಿ ಅಂತ ಗೊತ್ತಾಗ್ತದೆ.”

ಭಾನುವಾರ ಭಾನುವಾರ ಅವರ ಕಣದಲ್ಲಿ, ಆಮೇಲೆ ಅವರ ಮನೆಯ ಇಳಿಜಾರಿನಲ್ಲಿ ಅಭ್ಯಾಸ ಮಾಡಿದೆ. ತಣ್ಣಗಿನ ಕಬ್ಬಿಣ ಬೆರಳಿಗೆ ತಾಗಿದರೆ ಇದು ಗೇರು. ಚಪ್ಪಲಿಯ ಕಾಲು ಬ್ರೇಕು. ಕಷ್ಟವೆಂದರೆ ವಾರವಿಡೀ ನನ್ನ ಬೈಕು ಓಡಿಸಬೇಕಿತ್ತು. ಸೋಮವಾರ ಆಲ್ದೂರಿನ ಪೇಟೆಯಲ್ಲಿ ಬಸ್ಸಿನ ಹಿಂದೆ ನಿಲ್ಲಿಸಲು ಹೋಗಿ ಎಡಗಾಲು ಒತ್ತಿ, ಗೇರು ಏರಿಸಿ, ಬಸ್ಸಿನ ಏಣಿಗೆ ಮುಟ್ಟಿಸಿಬಿಟ್ಟೆ. ಕಂಡಕ್ಟರ್ ಇಳಿದು ಬಂದು ಎಲ್ಲರ ಎದುರು ಕೇಳಿದ: “ಕುಡ್ದಿದ್ಯಾ?” ಕುಡಿದಿದ್ದೇನೆ ಎಂದರೆ ಮರ್ಯಾದೆ ಉಳಿಯುತ್ತದೋ, ಕಾಲು ಗೊಂದಲವಾಯಿತು ಎಂದರೆ ಉಳಿಯುತ್ತದೋ ತಿಳಿಯದೆ ಬೈಕನ್ನು ಹಿಂದಕ್ಕೆ ಎಳೆದುಕೊಂಡೆ.

ದೀಪಾವಳಿಯ ದಿನ ಮಾವನ ಬುಲೆಟ್ ಹತ್ತಿ ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಹೊರಟೆ. ಬಲಗಾಲಿನ ಚಪ್ಪಲಿ ಬ್ಯಾಗಿನಲ್ಲಿ, ಸಿಹಿತಿಂಡಿಯ ಪೊಟ್ಟಣದ ಕೆಳಗೆ. ಒಂದೊಂದು ತಿರುವಿಗೂ ಬಾಯಲ್ಲಿ “ಎಡಗಾಲು, ಎಡಗಾಲು” ಎಂದು ಹೇಳಿಕೊಳ್ಳುತ್ತ ಹೋದೆ. ಅವರ ಮನೆಯ ಗೇಟು ಬರುವ ಮುಂಚೆ ನಿಲ್ಲಿಸಿ ಚಪ್ಪಲಿ ಹಾಕಿಕೊಳ್ಳಬೇಕೆಂದಿದ್ದೆ. ಗೇಟು ತೆರೆದೇ ಇತ್ತು, ನಾಯಿ ಬೊಗಳುತ್ತ ಬಂತು, ಗಾಬರಿಯಲ್ಲಿ ಹಾಗೆಯೇ ಅಂಗಳಕ್ಕೆ ಹೋಗಿ ನಿಲ್ಲಿಸಿದೆ. ಜಗಲಿಯ ಮೇಲೆ ಅಜ್ಜಿ, ತಂಗಿಯ ಅತ್ತೆ ಮಾವ, ಹಬ್ಬಕ್ಕೆ ಬಂದ ನೆಂಟರು ಎಲ್ಲ ಕುಳಿತಿದ್ದರು.

ಅಜ್ಜಿಯ ಕಣ್ಣು ಮೊದಲು ಹೋದದ್ದೇ ಅಲ್ಲಿಗೆ. “ಇದೆಂತದು ನಿನ್ನ ಅವತಾರ? ಇನ್ನೊಂದು ಚಪ್ಪಲಿ ಎಲ್ಲಿ ಬೀಳ್ಸ್ಕೊಂಡೆ?”

ನೆಂಟರು ನಕ್ಕರು. ಒಳಗಿನಿಂದ ಬಂದ ತಂಗಿ ಬಾಗಿಲಲ್ಲೇ ನಿಂತು ಕಣ್ಣಲ್ಲೇ ಬೇಡ ಎಂದಳು. ನಾನು ಬ್ಯಾಗಿನಿಂದ ಚಪ್ಪಲಿ ತೆಗೆದು ತೋರಿಸಿದೆ. ಏಕೆಂದು ಹೇಳಿದೆ. ಅಜ್ಜಿಗೆ ಅರ್ಥವಾಗಲಿಲ್ಲ. “ಗಾಡಿ ಅಂದ್ರೆ ಗಾಡಿ. ಒಂದಕ್ಕೊಂದು ಬೇರೆ ಇರ್ತದೆ ಅಂದ್ರೆ ಎಂತ?”

ಭಾವನ ಬೈಕು ಅಂಗಳದಲ್ಲೇ ಇತ್ತು, ನನ್ನದೇ ತರಹದ್ದು. ಅದನ್ನು ತಳ್ಳಿಕೊಂಡು ಬಂದು ಬುಲೆಟ್ಟಿನ ಪಕ್ಕ ನಿಲ್ಲಿಸಿದೆ. ಅಜ್ಜಿ ಕೋಲು ಊರಿಕೊಂಡು ಕೆಳಗಿಳಿದು ಬಂದರು. ನಾನು ಮೊದಲು ಭಾವನ ಬೈಕಿನ ಮೇಲೆ ಕುಳಿತು ಬಲಗಾಲು ಒತ್ತಿ ಬ್ರೇಕು ತೋರಿಸಿದೆ. ಆಮೇಲೆ ಬುಲೆಟ್ಟಿಗೆ ಹತ್ತಿ ಅದೇ ಬಲಗಾಲು ಒತ್ತಿ, ಇದು ಗೇರು ಎಂದೆ. ಅಜ್ಜಿ ಬಗ್ಗಿ ನೋಡಿ, “ಇನ್ನೊಂದ್ಸಲ” ಎಂದರು. ಮತ್ತೆ ಇಳಿದು, ಮತ್ತೆ ಹತ್ತಿ ತೋರಿಸಿದೆ. ಮದುವೆಯ ದಿನ ಇಳಿಜಾರಿನಲ್ಲಿ ಏನಾಯಿತು, ಹೇಗೆ ತುಳಿದೆ, ಹೇಗೆ ಬಿದ್ದೆ ಎಂಬುದನ್ನೂ ಮಾಡಿ ತೋರಿಸಬೇಕಾಯಿತು. ಹಬ್ಬದ ಹೊಸ ಅಂಗಿಯಲ್ಲಿ, ನಿಂತ ಗಾಡಿಯ ಮೇಲೆ ಕುಳಿತು, ನೆಂಟರ ಎದುರು ಬಲಕ್ಕೆ ವಾಲಿ ತೋರಿಸುವಾಗ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಯಾರೋ “ಹಿಂದೆ ಮದುಮಗ ಬೇಕಲ್ಲ!” ಎಂದರು. ಭಾವ ನಗುತ್ತ ಎದ್ದರು. ಬುಲೆಟ್ಟಿನ ಹಿಂದಿನ ಸೀಟು ಹಿಡಿದುಕೊಳ್ಳಲು ಬಲಗೈ ಎತ್ತಿದವರು ಅರ್ಧದಲ್ಲೇ ತಡೆದು, ಕೈ ಇಳಿಸಿ, ಎಡಗೈಯಲ್ಲಿ ಹಿಡಿದುಕೊಂಡರು.

ಅಜ್ಜಿ ನನ್ನ ಬರಿಗಾಲನ್ನು, ಆಮೇಲೆ ಮೊಮ್ಮಗನ ಹೆಗಲನ್ನು ನೋಡಿದರು. “ಅಲ್ಲಿಗೆ, ಕಾಲು ನಿಂದು,” ಎಂದರು.

“ಹೌದಜ್ಜಿ. ನಂದೇ.”

“ಸರಿಯಾಗಿ ಕಲೀದೆ ನಮ್ಮ ಹುಡುಗನ್ನ ಹತ್ತಿಸ್ಕೊಂಡು ಹೋದ್ಯಾ?”

“ಹೌದು.”

“ಥೂ, ನಿನ್ನ,” ಎಂದರು. ಕೋಲು ಊರಿಕೊಂಡು ಜಗಲಿ ಹತ್ತಿ, ತಂಗಿಯ ಕಡೆ ತಿರುಗಿ, “ನಿನ್ನಣ್ಣನಿಗೆ ಕಾಫಿ ಕೊಡು” ಎಂದರು. ಅವಳಿಗೆ ಬೇರೇನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ತಂಗಿ ಲೋಟ ತಂದು ನನ್ನ ಕೈಗೆ ಕೊಟ್ಟು, ಮುಖ ನೋಡದೆ ಒಳಗೆ ಹೋದಳು. ಸಿಟ್ಟಿಗೋ ಸಮಾಧಾನಕ್ಕೋ ನನಗೆ ಇವತ್ತಿಗೂ ತಿಳಿಯದು.

ಆದರೆ ಆ ಮೇಲೆ ಅಜ್ಜಿ ಅವಳ ಪಾದ ನೋಡುವುದನ್ನು ಬಿಟ್ಟರು. ನಾನು ಆ ಮನೆಗೆ ಹೋದಾಗಲೆಲ್ಲ, “ಬಂತು ನೋಡಿ ಕಾಲ್ಗುಣ, ಹಾಲು ಒಳಗಿಡಿ” ಎಂದು ಜೋರಾಗಿ ಹೇಳುತ್ತಿದ್ದರು. ಮನೆಯವರೆಲ್ಲ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಒಳಗೆ ಪ್ರತಿ ಸಲವೂ ಚುರ್ರೆನ್ನುತ್ತಿತ್ತು. ಅಜ್ಜಿ ತೀರಿಹೋದ ಮೇಲೆ ಆ ಮಾತನ್ನು ಯಾರೂ ಮುಂದುವರಿಸಲಿಲ್ಲ.

ಎರಡು ಸಾವಿರದ ಇಸವಿಯ ಈಚೆಗೆ ಬುಲೆಟ್ಟಿಗೂ ಎಡಗಾಲಿನ ಗೇರು ಬಂತು. ಈಗಿನವರಿಗೆ ಈ ಗೊಂದಲವೇ ಇಲ್ಲ. ಭಾವ ಚಿಕ್ಕಮಗಳೂರಿಗೆ ಬಂದಾಗ ನನ್ನ ಬೈಕಿನ ಹಿಂದೆ ಕೂರುತ್ತಾರೆ, ತಿರುವಿನಲ್ಲಿ ಮಾತು ನಿಲ್ಲಿಸುತ್ತಾರೆ, ತಿರುವು ಕಳೆದ ಮೇಲೆ ಮಾತು ಮುಂದುವರಿಸುತ್ತಾರೆ.

ತಂಗಿ ಮಾತ್ರ ಒಮ್ಮೆಯೂ ಹತ್ತಲಿಲ್ಲ. ಕೆಲವು ವರ್ಷಗಳ ಹಿಂದೆ ಅವಳು ಒಬ್ಬಳೇ ಬಂದಿದ್ದಾಗ ಮೂಡಿಗೆರೆಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಕೈಯಲ್ಲಿ ಭಾರದ ಚೀಲ. ನಾನೂ ಮನೆಗೇ ಹೊರಟಿದ್ದೆ. “ಬಾ, ಹೋಗೋಣ” ಎಂದು ಹಿಂದಿನ ಸೀಟು ಕೈಯಿಂದ ಒರೆಸಿದೆ.

“ಬೇಡ ಅಣ್ಣ, ಬಸ್ಸು ಬರ್ತದಲ್ಲ,” ಎಂದಳು, ನಗುತ್ತ. “ಚೀಲ ಬೇಕಾದ್ರೆ ತಗೊಂಡು ಹೋಗು.”

ಚೀಲವನ್ನು ಟ್ಯಾಂಕಿನ ಮೇಲೆ ಇಟ್ಟುಕೊಂಡೆ. ಆದರೂ ಹೊರಡಲು ಮನಸ್ಸಾಗಲಿಲ್ಲ. ಗೋಣಿಬೀಡಿನ ಬಸ್ಸು ಬಂದು ಅವಳಿಗೆ ಸೀಟು ಸಿಕ್ಕುವವರೆಗೆ ಅಲ್ಲೇ ನಿಂತಿದ್ದು, ಆಮೇಲೆ ಬಸ್ಸಿನ ಹಿಂದೆಯೇ ನಿಧಾನವಾಗಿ ಬಂದೆ.